ಕಣ್ಣಿಲ್ಲದ ಕರಡಿ

ಮಗಳು ಆಡಿ ಬಿಟ್ಟ ಗೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡು ನಿನ್ನೆ ಒಂದು ಸಖಿ ಕೇಂದ್ರಕ್ಕೆ ಹೋಗಿದ್ದೆ. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಷ್ಟೇ ಅಲ್ಲ, ಹದಿನೆಂಟು ತುಂಬದ ಹೆಣ್ಣುಮಕ್ಕಳೂ ಅಲ್ಲಿಗೆ ಬರುತ್ತಾರೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ ಒಂದೇ ಸೂರಿನಡಿ ಸಿಗಲೆಂದು 2015ರಲ್ಲಿ, ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ಸರ್ಕಾರ ಇಟ್ಟ ನಿರ್ಭಯಾ ನಿಧಿಯಿಂದ ಆರಂಭವಾದ ಯೋಜನೆ ಇದು.

ಅಲ್ಲಿನ ಆಪ್ತಸಮಾಲೋಚಕಿ ಗೊಂಬೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕಣ್ಣು ಕಿತ್ತುಹೋಗಿದ್ದ ಕರಡಿಯನ್ನು ಮಾತ್ರ ವಾಪಸು ಕೊಟ್ಟರು. "ಇದು ಬೇಡ ಮೇಡಂ, ಮಕ್ಕಳು ಇದನ್ನೇ ನೋಡುತ್ತಾ ಕೂತುಬಿಡುತ್ತಾರೆ." ನನಗೆ ಹೊಳೆದೇ ಇರಲಿಲ್ಲ.

ಮಾತಿನ ನಡುವೆ, ಮೂರು ತಿಂಗಳಿಂದ ಸಂಬಳ ಆಗಿಲ್ಲ ಎಂದರು. ಈ ಸಲ ಮಳೆ ಆಗಿಲ್ಲ ಎನ್ನುವಷ್ಟೇ ಸಹಜವಾಗಿ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಎಷ್ಟು ಸೂಕ್ಷ್ಮ ನೋಡಿ: ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಸಾಕ್ಷ್ಯಕ್ಕೆಂದು ಮಗುವನ್ನು ಪದೇ ಪದೇ ನ್ಯಾಯಾಲಯಕ್ಕೆ ಕರೆಸಬಾರದು. ಊಟ, ಬಟ್ಟೆ, ಓಡಾಟದ ತುರ್ತು ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ವಾರದೊಳಗೆ ಹಣ ಕೊಡಬೇಕು ಎನ್ನುತ್ತವೆ ಅದೇ ಕಾಯ್ದೆಯ 2020ರ ನಿಯಮಗಳು. ಆದರೆ ಮಗುವಿನ ಕೈ ಹಿಡಿದು ಕೂರುವವರ ಸಂಬಳಕ್ಕೆ ಗಡುವು ಯಾವುದು? ನಿರ್ಭಯಾ ನಿಧಿ 2013ರ ಬಜೆಟ್‌ನಲ್ಲಿ ಸಾವಿರ ಕೋಟಿ ರೂಪಾಯಿಯಿಂದ ಶುರುವಾದದ್ದು. ಬಡತನದ ನೆಪ ಹೇಳುವಂತಿಲ್ಲ.

ಕರಡಿ ಈಗ ನನ್ನ ಮೇಜಿನ ಮೇಲಿದೆ. ಹಳೆಯ ಸ್ವೆಟರಿನಿಂದ ಎರಡು ಕಪ್ಪು ಗುಂಡಿಗಳನ್ನು ಬಿಚ್ಚಿಟ್ಟಿದ್ದೇನೆ. ಹೊಲಿದು ಗುರುವಾರ ಮತ್ತೆ ಹೋಗಬೇಕು.