ಗೊರಬಲಿಗೂ ಒಂದು ರೇಟಿದೆ

ನ್ಯೂಜಿಲೆಂಡಿನಲ್ಲಿ ಅಲ್ಪಾಕಾ ಸಾಕಿದ್ದೇವೆ ಅಂದರೆ ನಮ್ಮೂರಲ್ಲಿ ಬರುವ ಮೊದಲ ಪ್ರಶ್ನೆ, ‘ಹಾಲೆಷ್ಟು ಕೊಡ್ತದೆ?’ ಹಾಲು ಕರೆಯೋದಿಲ್ಲ ಅಂದರೆ, ‘ಹಂಗಾರೆ ಎಂತಕ್ಕೆ ಸಾಕೋದು ಮಾರಾಯ್ತಿ?’ ಉಣ್ಣೆಗೆ ಅಂದೆ. ಕುರಿ ಕಾಯೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಅಂತ ದೊಡ್ಡಮ್ಮ ಮುಖಕ್ಕೇ ಕೇಳಿದರು.

ಈ ಜನವರಿಯಲ್ಲಿ ತೀರ್ಥಹಳ್ಳಿ ಹತ್ತಿರದ ತವರಿಗೆ ಹೋಗಿದ್ದೆ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಬೇಯಿಸಿ ಒಣಗಿಸಿದ ಅಡಿಕೆ ಜಗಲಿಯಲ್ಲಿ ಸುರಿದಿತ್ತು. ದೊಡ್ಡಮ್ಮ, ಅತ್ತಿಗೆ, ಪಕ್ಕದ ಮನೆ ಅಕ್ಕ ಮೊರ ಇಟ್ಟುಕೊಂಡು, ಮೇಲಿನ ದರ್ಜೆಯ ಸರಕಿನಿಂದ ಹಿಡಿದು ಕೆಳದರ್ಜೆಯ ಗೊರಬಲಿನವರೆಗೆ ಬೇರೆ ಬೇರೆ ಆರಿಸುತ್ತಾ ಕೂತಿದ್ದರು. ನಾನೂ ಒಂದು ಮೊರ ಎಳೆದುಕೊಂಡೆ. ಊಟ ಆದಮೇಲೆ ಶುರುವಾದ ಮಾತು ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು.

ಅದು ಕುರಿ ಅಲ್ಲ ದೊಡ್ಡಮ್ಮ, ಒಂಟೆ ಜಾತಿ ಅಂತ ಶುರು ಮಾಡಿದೆ. ಪೆರು, ಬೊಲಿವಿಯಾ ಕಡೆಯ ಆಂಡಿಸ್ ಬೆಟ್ಟಗಳಲ್ಲಿ ಸಾವಿರಾರು ವರ್ಷದಿಂದ ಸಾಕಿಕೊಂಡು ಬಂದ ಪ್ರಾಣಿ. ನ್ಯೂಜಿಲೆಂಡಿಗೆ ಬಂದಿದ್ದು 1980ರ ದಶಕದಲ್ಲಿ. ಅಂದರೆ ಅವೂ ನಮ್ಮ ಹಾಗೆ ಅಲ್ಲಿಗೆ ಹೊಸಬರೇ. ನಾವಿರುವುದು ವೈಕಾಟೊ ಸೀಮೆ. ಹಸಿರು, ಮಳೆ, ಎತ್ತ ನೋಡಿದರೂ ಹಸು. ನಾವೂ ಹಸುವನ್ನೇ ಕಟ್ಟೋಣ ಅಂತಿದ್ದೆವು. ಆದರೆ ಇರೋ ತುಂಡು ಜಾಗದಲ್ಲಿ ಚಳಿಗಾಲದ ಮಳೆಗೆ ನಾಲ್ಕು ಹಸು ಓಡಾಡಿದರೆ ಎಲ್ಲ ಕೆಸರು. ಅಲ್ಪಾಕಾ ಹೆಚ್ಚೆಂದರೆ ಎಂಬತ್ತು ತೊಂಬತ್ತು ಕೆಜಿ ತೂಗುತ್ತದೆ. ಗೊರಸಿಲ್ಲ, ಎರಡು ಬೆರಳು, ಅಡಿಯಲ್ಲಿ ಮೆತ್ತನೆಯ ಪಾದ. ನೆಲ ಹಾಳಾಗುವುದಿಲ್ಲ. ಒಂದನ್ನೇ ತಂದು ಕಟ್ಟಿದರೆ ಮಾತ್ರ ಕೊರಗುತ್ತದೆ, ಹಿಂಡು ಬೇಕು.

‘ಗೊಬ್ಬರ?’ ಅಂದರು ದೊಡ್ಡಮ್ಮ. ತೋಟದವರಲ್ವಾ, ಅಲ್ಲಿಗೇ ಬಂದರು. ಅಷ್ಟೂ ಪ್ರಾಣಿಗಳು ಒಂದೇ ಜಾಗಕ್ಕೆ ಹೋಗಿ ಹಿಕ್ಕೆ ಹಾಕುತ್ತವೆ, ಸಲಿಕೆಯಲ್ಲಿ ತುಂಬಿಕೊಂಡು ಬಂದರಾಯಿತು ಅಂದಾಗ ಮೊದಲ ಸಲ ಅವರ ಮುಖದಲ್ಲಿ ಗೌರವ ಕಂಡಿತು. ‘ನಮ್ಮ ದನಕ್ಕೆ ಈ ಬುದ್ಧಿ ಇಲ್ಲ ನೋಡು.’ ಗಬ್ಬ ಹನ್ನೊಂದು ತಿಂಗಳು ದಾಟುತ್ತದೆ, ಮರಿ ಒಂದೇ ಅಂದಾಗ ಆ ಗೌರವ ಸ್ವಲ್ಪ ಇಳಿಯಿತು. ‘ಎಮ್ಮೆಗಿಂತಾ ಜಾಸ್ತಿ ಆಯ್ತಲ್ಲೇ!’

ಹಸಿ ಉಣ್ಣೆ ತರೋದಕ್ಕೆ ನೂರೆಂಟು ಕಾಗದಪತ್ರ. ಹಾಗಾಗಿ ತೊಳೆದು ನೂತ ನೂಲಿನ ಲಡಿಗಳನ್ನು ತಂದಿದ್ದೆ. ಪಕ್ಕದ ಮನೆ ಅಕ್ಕ ಒಂದನ್ನು ಕುತ್ತಿಗೆಗೆ ಒತ್ತಿಕೊಂಡು ನೋಡಿದರು. ಅವರ ಮನೆಯಲ್ಲಿ ಚಳ್ಳಕೆರೆ ಕಡೆಯ ಹಳೇ ಕಂಬಳಿ ಇದೆ. ‘ಇದು ಚುಚ್ಚೂದೇ ಇಲ್ಲ. ಮಳೆಗೆ ತಡೀತದಾ?’ ಕುರಿ ಉಣ್ಣೆಯಲ್ಲಿ ಜಿಡ್ಡು ಇರುತ್ತದೆ, ನೀರು ಬೇಗ ಒಳಗೆ ಇಳಿಯೋದಿಲ್ಲ. ಅಲ್ಪಾಕಾ ಉಣ್ಣೆಯಲ್ಲಿ ಜಿಡ್ಡು ತೀರಾ ಕಮ್ಮಿ, ತೊಳೆಯೋದು ಸುಲಭ. ‘ಹಂಗಾರೆ ಗದ್ದೆಗೆ ಬರೂದಿಲ್ಲ, ಪ್ಯಾಟೆಗೆ ಹೋಗೋರಿಗೆ’ ಅಂತ ತೀರ್ಮಾನ ಕೊಟ್ಟು ಲಡಿ ವಾಪಸ್ಸಿಟ್ಟರು. ನಿಜ ಹೇಳಬೇಕೆಂದರೆ ನಮ್ಮ ಗಿರಾಕಿಗಳು ಯಾರು ಅಂತ ಇಷ್ಟು ಚೊಕ್ಕವಾಗಿ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಮಾತು ಆರಿಸುವುದರ ಕಡೆ ತಿರುಗಿತು. ವರ್ಷಕ್ಕೆ ಒಂದೇ ಸಲ, ಅಲ್ಲಿನ ಬೇಸಿಗೆ ಬರುವ ಮುಂಚೆ ಉಣ್ಣೆ ಕತ್ತರಿಸುತ್ತಾರೆ. ಪ್ರಾಣಿಯನ್ನು ಚಾಪೆ ಮೇಲೆ ಮಲಗಿಸಿ, ಕಾಲುಗಳನ್ನು ಹಗ್ಗದಲ್ಲಿ ಎಳೆದು ಹಿಡಿಯಬೇಕು. ಅದು ಕಿರುಚುತ್ತದೆ, ಉಗಿಯುತ್ತದೆ. ಆ ಉಗುಳಿನ ವಾಸನೆ ಬಗ್ಗೆ ಹೇಳದಿರುವುದೇ ಒಳ್ಳೆಯದು. ಕತ್ತರಿಸೋದು ಗಂಟೆಗಳ ಕೆಲಸ, ಆರಿಸೋದು ವಾರಗಟ್ಟಲೆ. ಬೆನ್ನು, ಪಕ್ಕೆಯದು ನಯ, ಅದು ಬೇರೆ ಚೀಲಕ್ಕೆ. ಕುತ್ತಿಗೆಯದು ಎರಡನೇ ದರ್ಜೆ. ಕಾಲು, ಹೊಟ್ಟೆಯದು ಒರಟು. ಜಾಲರಿ ಹೊದಿಸಿದ ಮೇಜಿನ ಮೇಲೆ ಹರಡಿ, ಹುಲ್ಲುಕಡ್ಡಿ ಕಿತ್ತು, ಗಟ್ಟಿ ಕೂದಲು ಹೆಕ್ಕಿ ತೆಗೆಯಬೇಕು. ಆ ಗಟ್ಟಿ ಕೂದಲೇ ಮೈಗೆ ಚುಚ್ಚೋದು.

ಇನ್ನೊಂದು ಪರೀಕ್ಷೆ ಇದೆ. ಅತ್ತಿಗೆಯ ಹೊಲಿಗೆ ಡಬ್ಬಿಯಿಂದ ದಾರ ತೆಗೆದು ತೋರಿಸಿದೆ. ಎಳೆಗಳ ಸಣ್ಣ ಗೊಂಚಲಿನ ಎರಡೂ ತುದಿ ಹಿಡಿದು, ಕಿವಿ ಹತ್ತಿರ ತಂದು, ಟಪ್ ಅಂತ ಜಗ್ಗಬೇಕು. ಗಟ್ಟಿ ಇದ್ದರೆ ತಂತಿ ಮೀಟಿದ ಸದ್ದು. ಚರಚರ ಅಂದರೆ ಎಳೆ ನಡುವೆ ಎಲ್ಲೋ ತುಂಡಾಗುತ್ತಿದೆ. ಆ ಪ್ರಾಣಿ ವರ್ಷದಲ್ಲಿ ಒಂದು ವಾರ ಕಾಯಿಲೆ ಬಿದ್ದಿದ್ದರೂ, ಮೇವು ಕಮ್ಮಿಯಾಗಿದ್ದರೂ ಎಳೆಯ ಆ ಜಾಗ ಸೋತಿರುತ್ತದೆ. ಹಾಗಂತ ಸುಮ್ನೆ ಜಾಸ್ತಿ ಮೇಯಿಸಿದರೆ ಎಳೆ ದಪ್ಪವಾಗಿ ರೇಟು ಬೀಳುತ್ತದೆ. ದೊಡ್ಡಮ್ಮ ಕೈಲಿದ್ದ ಒಂದು ಅಡಿಕೆಯನ್ನು ಉಗುರಿನಲ್ಲಿ ಕೆರೆದು ನೋಡಿ ಬೇರೆ ರಾಶಿಗೆ ಎಸೆದರು. ‘ಎಲ್ಲ ಕಡೆನೂ ಇದೇ ಕತೆ’ ಅಂದರು.

ಅಪ್ಪಯ್ಯ ಅಷ್ಟು ಹೊತ್ತು ಪೇಪರ್ ಓದುತ್ತಾ ಸುಮ್ಮನಿದ್ದರು. ಒಂದು ಸತ್ತಿತ್ತಂತಲ್ಲ, ಎಂತಾಗಿ ಅಂತ ಕೇಳಿದರು. ಅದು ಮೊದಲ ವರ್ಷದ ಸಂಗತಿ. ಬೇಸಿಗೆ ಕಳೆಯುವ ಹೊತ್ತಿಗೆ ಬಿಸಿ ಇದ್ದು ಮಳೆ ಬಿದ್ದರೆ, ಅಲ್ಲಿನ ರೈಗ್ರಾಸ್ ಹುಲ್ಲಿನ ಬುಡದ ಒಣಕಲಿನಲ್ಲಿ ಒಂದು ಬೂಸ್ಟು ಏಳುತ್ತದೆ. ಅದರ ಬೀಜಕಣ ಹೊಟ್ಟೆಗೆ ಹೋದರೆ ಲಿವರ್ ಕೆಡುತ್ತದೆ. ಕುರಿ, ಹಸುಗಳಿಗೂ ಬರುತ್ತದೆ. ಅಲ್ಪಾಕಾ ಇನ್ನೂ ಸೂಕ್ಷ್ಮ. ಹೊರಗೆ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಕೈಮೀರಿರುತ್ತದೆ. ಈಗ ಹುಲ್ಲಿನ ಬೀಜಕಣ ಎಣಿಸಿ ನೋಡುತ್ತೇವೆ, ಹಿಂಡಿ ಜೊತೆ ಜಿಂಕ್ ಕೊಡುತ್ತೇವೆ. ಜಿಂಕ್ ಕೊಟ್ಟರೆ ತಡೆಯಬಹುದು ಅಂತ ಹಟ ಹಿಡಿದು ಹೇಳಿದವರು ಟೆ ಅರೋಹಾ ಊರಿನ ಗ್ಲಾಡಿಸ್ ರೀಡ್ ಅನ್ನುವ ರೈತ ಮಹಿಳೆ. ವಿಜ್ಞಾನಿಗಳು ಮೊದಮೊದಲು ಒಪ್ಪಿರಲಿಲ್ಲ. ಅಪ್ಪಯ್ಯ ಪೇಪರ್ ಮಡಚಿದರು. ‘ಕೊಳೆ ರೋಗಾನೇ ಅದು. ನಾವು ಮಳೆಗೆ ಮುಂಚೆ ಮೈಲುತುತ್ತ ಸುಣ್ಣ ಹೊಡೀತೀವಿ. ನಮಗೆ ತಾಮ್ರ, ನಿಮಗೆ ಜಿಂಕ್.’ ತೋಟದ ಕೊಳೆಯೂ ಹುಲ್ಲಿನ ಬೂಸ್ಟೂ ಬೇರೆ ಬೇರೆ ಅಂತ ವಾದಿಸಬಹುದಿತ್ತು. ಆದರೆ ಮಳೆ ಬರುವ ಮೊದಲೇ ಕೆಲಸ ಮುಗಿಸಬೇಕು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೊನೆಗೆ ಲೆಕ್ಕ. ಒಂದಕ್ಕೆ ವರ್ಷಕ್ಕೆ ಎರಡು ಮೂರು ಕೆಜಿ ಉಣ್ಣೆ. ಅದರಲ್ಲಿ ಒಳ್ಳೆಯದು ಅರ್ಧ ಸಿಕ್ಕರೆ ಪುಣ್ಯ. ಮಿಲ್ಲಿನವರು ತೂಕದ ಮೇಲೆ ಕೂಲಿ ಹಿಡಿಯುತ್ತಾರೆ. ಹಾಗೇ ಮಾರಿದರೆ ಏನೂ ಗಿಟ್ಟದು. ನೂಲು ಮಾಡಿ ನೇರ ಮಾರಬೇಕು, ಮರಿ ಮಾರಬೇಕು. ಉಣ್ಣೆಯಿಂದಲೇ ಬದುಕುತ್ತೇವೆ ಅನ್ನುವ ಸಣ್ಣ ರೈತರ ಮಾತನ್ನು ನಾನಂತೂ ಅರ್ಧ ಮಾತ್ರ ನಂಬುತ್ತೇನೆ.

‘ಕಾಲಿಂದು, ಹೊಟ್ಟೇದು ಎಂತ ಮಾಡ್ತೀರಿ?’ ಅಂದರು ದೊಡ್ಡಮ್ಮ. ಗಿಡದ ಬುಡಕ್ಕೆ ಹಾಕುತ್ತೇವೆ ಅಂದೆ. ಕೈಯಲ್ಲಿದ್ದ ಮೊರ ನಿಂತಿತು. ‘ಶಿವಮೊಗ್ಗ ಮಂಡಿಗೆ ಸರಕು ಹೋಗ್ತದೆ, ಬೆಟ್ಟೆ ಹೋಗ್ತದೆ, ರಾಶಿ ಹೋಗ್ತದೆ. ಗೊರಬಲು ತಿಪ್ಪೆಗೆ ಹಾಕ್ತೀವಾ? ಅದಕ್ಕೂ ಒಂದು ರೇಟಿಲ್ವಾ?’ ಒರಟು ಉಣ್ಣೆಯನ್ನು ಹತ್ತಿ ಹುರಿಯ ಸುತ್ತ ಸುತ್ತಿ ರಗ್ಗಿನ ನೂಲು ಮಾಡಿಕೊಡುವ ಮಿಲ್ಲುಗಳು ಇವೆ. ನಾವು ಯಾವತ್ತೂ ಕಳಿಸಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಯಜಮಾನರಿಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ. ಶೆಡ್ಡಿನಲ್ಲಿರುವ ಕಾಲಿನ ಉಣ್ಣೆ ಚೀಲ ಮುಟ್ಟಬೇಡಿ, ರಗ್ಗಿಗೆ ಕೊಡೋಣ ಅಂದೆ. ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, ‘ನಿನ್ನೆನೇ ನಿಂಬೆ ಗಿಡಕ್ಕೆ ಹಾಕಿದ್ನಲ್ಲೇ. ಮಳೆ ಬೇರೆ ಬಂದಿದೆ’ ಅಂದರು. ದೊಡ್ಡಮ್ಮನಿಗೆ ಇನ್ನೂ ಹೇಳಿಲ್ಲ.