ಮೊಹರಂ ಹತ್ತರ ರೋಜಾ

"ಇದೇನ್ ಸಾಬ್ರೇ, ರಂಜಾನ್ ಮುಗ್ದು ಮೂರು ತಿಂಗ್ಳಾಯ್ತಲ್ಲ, ಮತ್ತೆ ಉಪಾಸಾನಾ?"

ಮೊನ್ನೆ ಶನಿವಾರ, 2025ರ ಜುಲೈ 5ರಂದು, ನನ್ನ ಮೇಜಿನ ಮುಂದೆ ಟೀ ಲೋಟ ಇಟ್ಟ ರೈತರೊಬ್ಬರು ಹೀಗೆ ಕೇಳಿದರು. ನಾನು ಮಂಡ್ಯದಲ್ಲಿ ಪತ್ರ ಬರಹಗಾರ. ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಬೆಳಗ್ಗೆಯಿಂದ ಸಂಜೆವರೆಗೆ ಬರೆಯುವುದು ಮಾತ್ರ ಕನ್ನಡ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಪತ್ರ. ಇಪ್ಪತ್ತು ವರ್ಷದಿಂದ ಇದೇ ಕೆಲಸ.

"ಇವತ್ತು ಮೊಹರಂ ಒಂಬತ್ತು. ನಾಳೆ ಹತ್ತು. ಎರಡು ದಿನ ರೋಜಾ" ಅಂದೆ.

"ಓ, ಬಾಬಯ್ಯನ ಹಬ್ಬದ್ದಾ! ಅಂಗಾದ್ರೆ ನಾವೂ ಆಚೆ ಹೋಗಿ ಕುಡೀತೀವಿ ಬುಡಿ" ಅಂತ ಅವರು ಲೋಟ ಎತ್ತಿಕೊಂಡು ಬೇವಿನ ಮರದ ಕೆಳಗೆ ಹೋದರು. ನಾನು ಬೇಡ ಅಂದರೂ ಕೇಳಲಿಲ್ಲ. ನಮ್ಮ ಕಡೆ ಜನ ಹೀಗೆ.

ಬಾಬಯ್ಯನ ಹಬ್ಬ ಅಂದರೆ ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಕೈಯಾಕಾರದ ಪಂಜಾ, ಹುಲಿ ವೇಷ, ತಮಟೆ, ಕೆಂಡ, ಸಕ್ಕರೆ ಓದಿಸುವುದು. ಆದರೆ ಆ ದಿನಕ್ಕೆ ಒಂದು ರೋಜಾ ಇದೆ, ಅದು ಇದೆಲ್ಲಕ್ಕಿಂತ ಹಳೆಯದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮೊದಲ ಸಲ ಈ ರೋಜಾ ಹಿಡಿದದ್ದು 1992ರ ಜುಲೈನಲ್ಲಿ. ಆಗ ನನಗೆ ಹತ್ತು ವರ್ಷ. ಶ್ರೀರಂಗಪಟ್ಟಣದ ಹತ್ತಿರ ನಾನಿಯ, ಅಂದರೆ ಅಮ್ಮಿಯ ತಾಯಿಯ, ಊರಲ್ಲಿದ್ದೆವು. ನಮ್ಮ ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಹಾಗಾಗಿ ತಿಂಗಳುಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಮೂವತ್ಮೂರು ವರ್ಷಕ್ಕೆ ಒಂದು ಸುತ್ತು ಮುಗಿದು ಮತ್ತೆ ಅದೇ ಕಾಲಕ್ಕೆ ಬರುತ್ತವೆ. ಅದು ಹಿಜರಿ 1413. ಇದು 1447. ಅದೇ ಜುಲೈ, ಅದೇ ತುಂತುರು ಮಳೆ, ಸಂಜೆ ಏಳರ ಹತ್ತಿರ ಸೂರ್ಯ ಮುಳುಗುವಾಗಿನ ಅದೇ ಮಗ್ರಿಬ್ ನಮಾಜ್.

ಆ ದಿನ ನಾನಿ ನಾಲ್ಕು ಗಂಟೆಗೆ ಮೊದಲೇ ಎಬ್ಬಿಸಿ ರಾಗಿ ಗಂಜಿಗೆ ಮಜ್ಜಿಗೆ ಹಾಕಿ ಕೊಟ್ಟರು. ಸಹರಿಗೆ, ಅಂದರೆ ರೋಜಾ ಶುರುವಾಗುವ ಮುಂಚಿನ ಊಟಕ್ಕೆ, ಅದೇ. "ಇದು ಕುಡಿದರೆ ಬಾಯಾರಲ್ಲ" ಅಂದರು. ನನ್ನ ತಂಗಿಗೆ ಆಗ ಆರು ವರ್ಷ. ಅವಳೂ ಎದ್ದು ಕೂತು ನಾನೂ ರೋಜಾ ಹಿಡೀತೀನಿ ಅಂತ ಹಟ ಮಾಡಿದಳು. ನಾನಿ ಬೇಡ ಅನ್ನಲಿಲ್ಲ. ಮಧ್ಯಾಹ್ನ ಅವಳು ಹಸಿವು ಅಂತ ಅಳತೊಡಗಿದಾಗ ಹಳೆಯ ಸೀರೆಯ ಚೂರು ಸುತ್ತಿ, ಕರಿ ದಾರದಲ್ಲಿ ಕಣ್ಣು ಹೊಲಿದು ಒಂದು ಗೊಂಬೆ ಮಾಡಿ ಕೈಗೆ ಕೊಟ್ಟರು. ಅವಳು ಅದರ ಜೊತೆ ಆಡುತ್ತಾ ಇಳಿಹೊತ್ತಿನ ಅಸರ್ ನಮಾಜಿನ ತನಕ ತಳ್ಳಿದಳು. ಆಮೇಲೆ ನಾನಿಯೇ ಹಾಲು ಕುಡಿಸಿ ಮಲಗಿಸಿದರು.

ಇದೊಂದು ಅಜ್ಜಿಯ ಉಪಾಯ ಅಂತಲೇ ನಾನು ತಿಳಿದುಕೊಂಡಿದ್ದೆ. ಎಷ್ಟೋ ವರ್ಷದ ನಂತರ ಮಸೀದಿಯ ಬಯಾನ್‌ನಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಕಾಲದ ನಡೆನುಡಿಯ ವರದಿ, ಕೇಳಿದೆ. ಮದೀನಾದ ರುಬಯ್ಯಿ ಎಂಬ ಮಹಿಳೆ ಹೇಳಿದ್ದು ಅದು. ಆಶೂರಾ ದಿನ, ಅಂದರೆ ಮೊಹರಂ ಹತ್ತರಂದು, ನಾವೂ ರೋಜಾ ಹಿಡಿಯುತ್ತಿದ್ದೆವು, ನಮ್ಮ ಮಕ್ಕಳ ಕೈಲೂ ಹಿಡಿಸುತ್ತಿದ್ದೆವು, ಮಕ್ಕಳಿಗೆ ಉಣ್ಣೆಯ ಆಟಿಕೆ ಮಾಡುತ್ತಿದ್ದೆವು, ಊಟಕ್ಕೆ ಅತ್ತರೆ ಇಫ್ತಾರ್ ಆಗುವ ತನಕ ಅದನ್ನು ಕೊಡುತ್ತಿದ್ದೆವು ಅಂತ. ಕೇಳಿ ನನ್ನ ಕಣ್ಣು ತುಂಬಿ ಬಂತು. ನಾನಿಗೆ ಕುರಾನ್ ಓದುವುದು ಬಿಟ್ಟರೆ ಬೇರೆ ಓದು ಬರಹ ಬರುತ್ತಿರಲಿಲ್ಲ. ಅವರಿಗೆ ಇದನ್ನು ಅವರ ತಾಯಿ ಕಲಿಸಿರಬೇಕು. ತಾಯಿಗೆ ಅವರ ತಾಯಿ.

ಇನ್ನು ತಿಂಗಳ ವಿಷಯ. ಕುರಾನಿನ ತೌಬಾ ಅಧ್ಯಾಯದ 36ನೇ ಆಯತಿನಲ್ಲಿ (ವಚನದಲ್ಲಿ) ವರ್ಷಕ್ಕೆ ಹನ್ನೆರಡು ತಿಂಗಳು, ಅದರಲ್ಲಿ ನಾಲ್ಕು ಪವಿತ್ರ ಅಂತ ಇದೆ. ಜುಲ್ ಕಅದಾ, ಜುಲ್ ಹಿಜ್ಜಾ, ಮೊಹರಂ ಒಂದರ ಹಿಂದೆ ಒಂದು ಬರುತ್ತವೆ. ರಜಬ್ ಒಂದು ಬೇರೆ. ಮೊಹರಂ ಅನ್ನುವ ಹೆಸರಿನಲ್ಲೇ ನಿಷೇಧ ಅನ್ನುವ ಅರ್ಥ ಇದೆ. ಇಸ್ಲಾಮಿಗೆ ಮೊದಲೂ ಅರಬರು ಈ ತಿಂಗಳುಗಳಲ್ಲಿ ಕತ್ತಿ ಎತ್ತುತ್ತಿರಲಿಲ್ಲ. ಹಜ್‌ಗೆ ಬಂದವರು, ವ್ಯಾಪಾರಕ್ಕೆ ಹೊರಟವರು ಭಯವಿಲ್ಲದೆ ಊರು ಸೇರಬೇಕಲ್ಲ, ಅದಕ್ಕೆ.

ಆದರೆ ಅವರು ಒಂದು ಕೆಲಸ ಮಾಡುತ್ತಿದ್ದರು. ಜಗಳ ಅರ್ಧದಲ್ಲಿದ್ದಾಗ ಮೊಹರಂ ಬಂದುಬಿಟ್ಟರೆ, ಈ ವರ್ಷ ಮೊಹರಂ ಈಗಲ್ಲ, ಮುಂದಿನ ತಿಂಗಳು ಅಂತ ಸಾರಿಬಿಡುತ್ತಿದ್ದರು. ಸಫರ್ ತಿಂಗಳನ್ನು ಪವಿತ್ರ ಅಂದುಕೊಂಡು ಮೊಹರಂನಲ್ಲಿ ಹೊಡೆದಾಡುತ್ತಿದ್ದರು. ಇದಕ್ಕೆ ನಸೀ ಅಂತ ಹೆಸರು. ಕುರಾನಿನ ಮುಂದಿನ ಆಯತಿನಲ್ಲೇ ಇದನ್ನು ಕಠಿಣವಾಗಿ ಖಂಡಿಸಲಾಗಿದೆ. ಈ ಆಯತು ಓದಿದಾಗಲೆಲ್ಲ ನನ್ನ ಮೇಜು ನೆನಪಾಗುತ್ತದೆ. "ಸ್ವಲ್ಪ ಹಿಂದಿನ ತಾರೀಖು ಹಾಕಿ ಬರೆದುಕೊಡಿ" ಅಂತ ಕೇಳುವವರು ವರ್ಷಕ್ಕೆ ನಾಲ್ಕು ಜನವಾದರೂ ಬರುತ್ತಾರೆ. ತಾರೀಖು ಜರುಗಿಸಿದರೆ ತಪ್ಪು ಸರಿಯಾಗುತ್ತದೆ ಅನ್ನುವ ಆಸೆ ಮನುಷ್ಯನಿಗೆ ಅಷ್ಟು ಹಳೆಯದು.

ಹಿಜರಿ 10ರಲ್ಲಿ, ತಮ್ಮ ಕೊನೆಯ ಹಜ್‌ನಲ್ಲಿ, ಪ್ರವಾದಿಯವರು ಕಾಲ ಮತ್ತೆ ತನ್ನ ಜಾಗಕ್ಕೆ ಬಂದಿದೆ ಅಂತ ಹೇಳಿ ಈ ನಾಲ್ಕು ತಿಂಗಳನ್ನು ಹೆಸರಿಟ್ಟು ಹೇಳಿದರು. ಇದು ಯಾವ ತಿಂಗಳು, ಇದು ಯಾವ ಊರು, ಇದು ಯಾವ ದಿನ ಅಂತ ಜನರನ್ನು ಕೇಳಿ, ಈ ದಿನ, ಈ ತಿಂಗಳು, ಈ ಊರು ಎಷ್ಟು ಪವಿತ್ರವೋ ನಿಮ್ಮ ರಕ್ತ, ನಿಮ್ಮ ಆಸ್ತಿ, ನಿಮ್ಮ ಮಾನ ಒಬ್ಬರಿಗೊಬ್ಬರಿಗೆ ಅಷ್ಟೇ ಪವಿತ್ರ ಅಂದರು. ಆಸ್ತಿ ಅನ್ನುವ ಮಾತು ಅಲ್ಲಿದೆ ನೋಡಿ. ನಾನು ಅದರ ಮೇಲೆ ಬಹಳ ದಿನ ಕಣ್ಣು ಹಾಯಿಸಿ ಮುಂದೆ ಹೋಗಿಬಿಡುತ್ತಿದ್ದೆ.

ರೋಜಾದ ಕಥೆ ಹೀಗಿದೆ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆಶೂರಾ ದಿನ ಉಪವಾಸ ಮಾಡುವುದನ್ನು ಕಂಡರು. ಯಾಕೆ ಅಂತ ಕೇಳಿದರು. ಅಲ್ಲಾಹನು ಮೂಸಾರನ್ನೂ (ಮೋಸೆಸ್) ಅವರ ಜನರನ್ನೂ ಈಜಿಪ್ಟಿನ ದೊರೆ ಫಿರೌನನಿಂದ ಪಾರು ಮಾಡಿದ ದಿನ ಇದು, ಅದಕ್ಕೆ ಮೂಸಾ ಕೃತಜ್ಞತೆಯಿಂದ ಉಪವಾಸ ಮಾಡಿದರು ಅಂದರು ಅವರು. ಮೂಸಾರಿಗೆ ನಾವು ಇನ್ನೂ ಹತ್ತಿರದವರು ಅಂತ ಹೇಳಿ ಪ್ರವಾದಿಯವರು ತಾವೂ ರೋಜಾ ಹಿಡಿದರು, ಎಲ್ಲರಿಗೂ ಹಿಡಿಯಲು ಹೇಳಿದರು. ಹಿಜರಿ 2ರಲ್ಲಿ ರಂಜಾನ್ ರೋಜಾ ಕಡ್ಡಾಯವಾದ ಮೇಲೆ ಇದು ಅವರವರ ಇಷ್ಟಕ್ಕೆ ಬಿಟ್ಟದ್ದಾಯಿತು. ಆದರೂ ರಂಜಾನ್ ಬಿಟ್ಟರೆ ಮೊಹರಂ ರೋಜಾವೇ ಶ್ರೇಷ್ಠ ಅಂತ ಹದೀಸ್ ಇದೆ. ಮುಂದಿನ ವರ್ಷ ಬದುಕಿದ್ದರೆ ಒಂಬತ್ತನೇ ದಿನವೂ ಹಿಡಿಯುತ್ತೇನೆ ಅಂದಿದ್ದರು ಪ್ರವಾದಿಯವರು. ಆ ಮುಂದಿನ ವರ್ಷ ಬರುವ ಮೊದಲೇ ಅವರು ತೀರಿಕೊಂಡರು. ಅವರ ಆ ಮಾತನ್ನು ಇಟ್ಟುಕೊಂಡೇ ನಾವು ಒಂಬತ್ತು, ಹತ್ತು ಎರಡೂ ಹಿಡಿಯುತ್ತೇವೆ.

ಇರಾಕಿನ ಕರ್ಬಲಾದ ಯುದ್ಧ ನಡೆದದ್ದು ಇದಾಗಿ ಐವತ್ತು ವರ್ಷದ ಮೇಲೆ. ಹಿಜರಿ 61, ಕ್ರಿ.ಶ. 680, ಅದೇ ಮೊಹರಂ ಹತ್ತು. ಪ್ರವಾದಿಯವರ ಮೊಮ್ಮಗ ಹುಸೇನರು ಖಲೀಫ ಯಜೀದನ ಆಳ್ವಿಕೆಗೆ ತಲೆಬಾಗದೆ, ಬೆರಳೆಣಿಕೆಯ ಜೊತೆಗಾರರೊಂದಿಗೆ ಅಲ್ಲಿ ಪ್ರಾಣ ಬಿಟ್ಟರು. ಫುರಾತ್ (ಯೂಫ್ರೆಟಿಸ್) ನದಿ ಪಕ್ಕದಲ್ಲೇ ಇದ್ದರೂ ಮಕ್ಕಳಿಗೆ ಒಂದು ಗುಟುಕು ನೀರು ಸಿಗದಂತೆ ಮಾಡಿದ್ದರು. ಶಿಯಾ ಬಾಂಧವರಿಗೆ ಇದು ಪೂರ್ತಿ ಶೋಕದ ದಿನ. ನಮಗೂ ಎದೆ ಭಾರ ಆಗುವ ದಿನವೇ. ಹಾಗಾಗಿ ಯಾರಾದರೂ ಮೊಹರಂ ಹಬ್ಬದ ಶುಭಾಶಯ ಅಂದರೆ ಏನು ಹೇಳಬೇಕು ಅಂತ ತೋಚುವುದಿಲ್ಲ. ಪ್ರೀತಿಯಿಂದ ಹೇಳಿರುತ್ತಾರೆ, ಸುಮ್ನೆ ಕೈ ಹಿಡಿದುಕೊಳ್ಳುತ್ತೇನೆ.

ನಾನಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದರು. ಬೆಳಗ್ಗೆಯಿಂದ ರೋಜಾ. ಬಾಗಿಲ ಮುಂದೆ ಒದ್ದೆ ಬಟ್ಟೆ ಸುತ್ತಿದ ದೊಡ್ಡ ಹರವಿ, ಅದರ ತುಂಬ ಬೆಲ್ಲ, ನಿಂಬೆ, ಏಲಕ್ಕಿಯ ಪಾನಕ. ಬಾಬಯ್ಯನನ್ನು ನೋಡಲು ಹೋಗುವವರಿಗೆಲ್ಲ ಕೊಡಬೇಕು. ಪಂಜಾ ಕೂರಿಸುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಹೀಗೆ ಪಾನಕ ಕೊಡುವುದು ರಿವಾಜು, ರೋಜಾ ಮಾತ್ರ ಸುನ್ನತ್, ಅಂದರೆ ಪ್ರವಾದಿಯವರ ನಡೆ, ಎರಡನ್ನೂ ಕಲಸಬಾರದು ಅಂತ ನಮ್ಮ ಮಸೀದಿಯ ಗುರುಗಳು, ಹಜ್ರತ್, ಹೇಳುತ್ತಾರೆ. ಅವರ ಮಾತು ಸರಿ. ಆದರೂ ಆ ಹರವಿಯ ಪಕ್ಕ ಕೂತದ್ದನ್ನು ನಾನು ಮರೆತಿಲ್ಲ. ಬಗ್ಗಿಸಿ ಕೊಡುವ ಕೆಲಸ ನನ್ನದು. ಗೌಡರ ಮನೆಯ ಅಕ್ಕ ಓದಿಸಲು ತಂದ ಸಕ್ಕರೆ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಬೊಗಸೆ ಒಡ್ಡಿದರು. ಪಾನಕ ಅವರ ಬೊಗಸೆಗೆ ಬೀಳುವಾಗ ಒಂದಿಷ್ಟು ನನ್ನ ಮಣಿಕಟ್ಟಿನ ಮೇಲೆ ಚೆಲ್ಲಿ ಮೊಣಕೈ ತನಕ ತಣ್ಣಗೆ ಇಳಿಯಿತು. ನಾಲಿಗೆ ಒಣಗಿತ್ತು. ಒರೆಸಿಕೊಳ್ಳದೆ ಅದು ಆರುವ ತನಕ ನೋಡುತ್ತಾ ಕೂತಿದ್ದೆ.

ಈಗ ಆ ಇನ್ನೊಂದು ಕಾರಣ.

ಆಶೂರಾ ರೋಜಾ ಹಿಂದಿನ ಒಂದು ವರ್ಷದ ಪಾಪಕ್ಕೆ ಪರಿಹಾರವಾಗುತ್ತದೆ ಅಂತ ಅಲ್ಲಾಹನಲ್ಲಿ ನನಗೆ ಭರವಸೆ ಇದೆ ಅಂದಿದ್ದಾರೆ ಪ್ರವಾದಿಯವರು. ಇದನ್ನು ಕೇಳಿದರೆ ಮನಸ್ಸು ಹಗುರ ಆಗುತ್ತದೆ ಅಲ್ವಾ? ನನಗೂ ಪ್ರತಿ ವರ್ಷ ಆಗುತ್ತಿತ್ತು. ಈ ಸಲ ಶುಕ್ರವಾರದ ಬಯಾನ್‌ನಲ್ಲಿ ಹಜ್ರತ್ ಇಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಾಹನ ಹಕ್ಕನ್ನು ಅಲ್ಲಾಹ ಮಾಫ್ ಮಾಡುತ್ತಾನೆ, ಜನರ ಹಕ್ಕನ್ನು ಆ ಜನರೇ ಮಾಫ್ ಮಾಡಬೇಕು ಅಂದರು. ಯಾರದ್ದಾದರೂ ಪಾಲು ನಿಮ್ಮ ಹತ್ತಿರ ಇದ್ದರೆ ಎಷ್ಟು ರೋಜಾ ಹಿಡಿದರೂ ಅದು ಅಲ್ಲೇ ಇರುತ್ತದೆ ಅಂದರು. ಕುರಾನಿನ ಆ 36ನೇ ಆಯತಿನಲ್ಲೇ ಇನ್ನೊಂದು ಮಾತಿದೆ. ಈ ತಿಂಗಳುಗಳಲ್ಲಿ ನಿಮ್ಮ ಮೇಲೆ ನೀವೇ ಜುಲುಮೆ ಮಾಡಿಕೊಳ್ಳಬೇಡಿ ಅಂತ.

ಮಾರನೆಯ ದಿನವೇ ಆ ರೈತರು ಬಂದದ್ದು. ಟೀ ಕುಡಿದು ಬಂದು ಕೂತರು. ಇಬ್ಬರು ಅಣ್ಣತಮ್ಮಂದಿರು, ಒಬ್ಬ ಅಕ್ಕ. ಅಕ್ಕ ತನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಆಗಬೇಕಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆಗಿ ಮಗಳಿಗೂ ಸಮಪಾಲು ಬಂದ ಮೇಲೆ ಹೆಣ್ಣುಮಕ್ಕಳ ಸಹಿ ಇಲ್ಲದೆ ಏನೂ ನಡೆಯುವುದಿಲ್ಲವಲ್ಲ. ಹಾಗಾಗಿ ಇಂಥ ಪತ್ರಗಳು ಜಾಸ್ತಿ ಬರುತ್ತವೆ. "ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ" ಅಂತ ಒಂದು ಸಾಲು ಅದರಲ್ಲಿ ಇರಲೇಬೇಕು. ನಾನು ಓದಿ ಹೇಳಿದೆ. ಆಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಇಚ್ಛೆ ಏನ್ ಬಂತು ಸಾಬ್ರೇ, ತವರು ಮನೆ ಬಾಗ್ಲು ತೆಗ್ದಿದ್ರೆ ಸಾಕು" ಅಂದರು. ಮೆಲ್ಲಗೇ ಅಂದರು, ಜಗಳ ಮಾಡುವ ದನಿಯಲ್ಲಿ ಅಲ್ಲ.

ನನ್ನ ಕೈ ನಿಂತುಹೋಯಿತು. ಅದೇ ಸಾಲನ್ನು ನಾನು ನನ್ನ ತಂಗಿಗಾಗಿಯೂ ಬರೆದಿದ್ದೇನೆ. 2017ರಲ್ಲಿ. ಅಬ್ಬ ಬಿಟ್ಟುಹೋದದ್ದು ಒಂದು ಎಕರೆ ಇಪ್ಪತ್ತು ಗುಂಟೆ ಗದ್ದೆ. ಅಮ್ಮಿ ಮೊದಲೇ ತೀರಿಕೊಂಡಿದ್ದರು. ಶರೀಅತ್ತಿನ ಲೆಕ್ಕದಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು. ಇಪ್ಪತ್ತು ಗುಂಟೆ ಅವಳದ್ದು. ಮದುವೆಗೆ ಖರ್ಚಾಗಿದೆಯಲ್ಲ ಅಂದೆ. ಅವಳು ಏನೂ ಹೇಳದೆ ಸಹಿ ಹಾಕಿದಳು. ಮನಸ್ಸಿಟ್ಟು ಕೊಟ್ಟರೆ ಹಲಾಲ್, ದಾಕ್ಷಿಣ್ಯಕ್ಕೆ ಕೊಟ್ಟರೆ ಅಲ್ಲ. ಅವಳು ಯಾವುದಕ್ಕೆ ಕೊಟ್ಟಳು ಅಂತ ನನಗೆ ಅವತ್ತೇ ಗೊತ್ತಿತ್ತು. ಆಮೇಲೆ ಏಳೆಂಟು ಸಲ ಆಶೂರಾ ರೋಜಾ ಹಿಡಿದಿದ್ದೇನೆ.

ಆ ಅಕ್ಕನ ಪತ್ರವನ್ನು ಅವತ್ತು ಮುಗಿಸಲಿಲ್ಲ. ಮನೆಯಲ್ಲಿ ಇನ್ನೊಂದು ಸಲ ಕೂತು ಮಾತಾಡಿಕೊಂಡು ಬನ್ನಿ ಅಂತ ಕಳಿಸಿದೆ. ದೊಡ್ಡಣ್ಣ ಮುಖ ಗಂಟಿಕ್ಕಿಕೊಂಡೇ ಎದ್ದರು. ಬೇರೆ ಬರಹಗಾರರ ಹತ್ತಿರ ಹೋದರೋ ಏನೋ.

ಭಾನುವಾರ ಮಧ್ಯಾಹ್ನ ರೈಲು ಹತ್ತಿ ಮೈಸೂರಿಗೆ ಹೊರಟೆ. ಈ ವರ್ಷ ಕೆಆರ್‌ಎಸ್ ಜೂನ್‌ನಲ್ಲೇ ಭರ್ತಿಯಾಯಿತು. ಇತಿಹಾಸದಲ್ಲೇ ಮೊದಲ ಸಲ. ಜೂನ್ 30ಕ್ಕೆ ಮುಖ್ಯಮಂತ್ರಿಗಳು ಬಾಗಿನ ಕೊಟ್ಟರು. ನಮಗೆ ಅದು ಮೊಹರಂ ನಾಲ್ಕು. ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ನಿಧಾನ ಆದಾಗ ಕಾವೇರಿ ಕೆಂಪಗೆ ಹರಿಯುತ್ತಿದ್ದಳು. ಕಿಟಕಿ ಪಕ್ಕದ ಹುಡುಗ ಬಾಟಲಿ ಎತ್ತಿ ನೀರು ಕುಡಿದು ನನಗೂ ಚಾಚಿದ. ರೋಜಾ ಮಗಾ ಅಂದೆ.

ತಂಗಿಯ ಮನೆ ಉದಯಗಿರಿಯಲ್ಲಿ. ನಾನು ಬರುವುದನ್ನು ಹೇಳಿರಲಿಲ್ಲ. ಅವಳೂ ರೋಜಾ ಇದ್ದಳು. ಖರ್ಜೂರ, ಕಲ್ಲಂಗಡಿ, ಒಂದು ಪಾತ್ರೆ ಗಂಜಿ ಎಲ್ಲ ಎದುರಿಗಿಟ್ಟು ಕೂತೆವು. ಅಜಾನ್‌ಗೆ ಇನ್ನೂ ಎರಡು ಮೂರು ನಿಮಿಷ ಇತ್ತು. "ನಿನ್ನ ಪಾಲಿನ ವಿಷಯ ಮಾತಾಡಬೇಕಿತ್ತು" ಅಂದೆ. ಅವಳು ತಲೆ ಎತ್ತಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ನನ್ನ ಕಡೆ ಸರಿಸಿದಳು. ಅಷ್ಟರಲ್ಲಿ ಅಜಾನ್ ಆಯಿತು.

"ಮೊದಲು ರೋಜಾ ಬಿಡು ಭಾಯ್" ಅಂದಳು.

ನಮಾಜ್ ಆದ ಮೇಲೆ ಬ್ಯಾಗಿನಿಂದ ದಾನಪತ್ರದ ಕರಡು ತೆಗೆದು ಕೊಟ್ಟೆ. ರಾತ್ರಿ ಕೂತು ಬರೆದದ್ದು. ಸರ್ವೆ ನಂಬರು, ಚೆಕ್ಕುಬಂದಿ, ಇಪ್ಪತ್ತು ಗುಂಟೆ ಎಲ್ಲ ಅದರಲ್ಲಿತ್ತು. ಅವಳು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು.

"ಸ್ವಇಚ್ಛೆಯಿಂದ ಅಂತ ಬರೆದಿದ್ದೀಯಲ್ಲ ಭಾಯ್, ನಿಜಾನಾ?"

"ನಿಜ" ಅಂದೆ.

ಸೋಮವಾರ, ಜಮೀನು ಭಾಗ ಮಾಡಲು ಬೇಕಾದ ಅಳತೆ ನಕ್ಷೆ, 11ಇ ಸ್ಕೆಚ್‌ಗೆ ಅರ್ಜಿ ಹಾಕಿದೆ. ಸರ್ವೆಯವರು ಬಂದು ಅಳತೆ ಮಾಡುವ ದಿನ ಅವಳೂ ಬರುತ್ತಾಳಂತೆ.