ಪಂಪೇ ಹೋಗಿದೆ ಅಂದರು ಎಲ್ಲರೂ

ಸೆಕೆಂಡ್ ಹ್ಯಾಂಡ್ ಜೆಸಿಬಿ ತಗೊಂಡವರಿಗೆ ಊರಲ್ಲಿ ಸಲಹೆಗೇನೂ ಬರವಿಲ್ಲ. ತಿಪಟೂರು ಕಡೆ ಒಂದು ತೆಂಗಿನ ತೋಟದಲ್ಲಿ ಕೃಷಿ ಹೊಂಡ ತೋಡುತ್ತಿದ್ದೆವು. ಬೆಳಿಗ್ಗೆ ಗಾಡಿ ಚೆನ್ನಾಗಿ ಓಡುತ್ತಿತ್ತು. ಬಿಸಿಲೇರಿ ಆಯಿಲ್ ಕಾದ ಮೇಲೆ ಬೂಮ್, ಅಂದರೆ ಹಿಂದಿನ ಅಗೆಯುವ ತೋಳು, ಏಳುವುದೇ ನಿಧಾನ, ಜೊತೆಗೆ ತೋಳಿಗೂ ಬಕೆಟ್ಟಿಗೂ ಆಯಿಲ್ ತಳ್ಳುವ ಪಂಪಿನ ಕಡೆಯಿಂದ ಕುಂಯ್ ಅನ್ನುವ ಸದ್ದು. "ಅಣ್ಣ, ಪಂಪ್ ಹೋಯ್ತು ಬಿಡಿ" ಅಂದ ಆಪರೇಟರ್. ನೋಡೋಕೆ ಬಂದವರೂ ಅದನ್ನೇ ಹೇಳಿದರು. ಪಂಪ್ ಅಂದರೆ ಸುಮ್ನೆ ಮಾತಾ? ಆ ಸೀಸನ್ನಿನ ದುಡಿಮೆಯೆಲ್ಲ ಅದಕ್ಕೇ ಹೋಗುತ್ತದೆ.

ನಾನು ಮೊದಲು ಮುಂದಿನ ಬಕೆಟ್ ಎತ್ತಿಸಿ ನೋಡಿದೆ. ಅದೂ ನಿಧಾನ. ಬೂಮ್ ಒಂದೇ ಸೋತಿದ್ದರೆ ಅದರ ಸಿಲಿಂಡರ್ ಸೀಲನ್ನೋ ವಾಲ್ವನ್ನೋ ಅನುಮಾನಿಸಬಹುದಿತ್ತು. ಹಿಂದೆ ಮುಂದೆ ಎರಡೂ ಸೋತರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲೇ ಇರಬೇಕು, ಅಂದರೆ ಟ್ಯಾಂಕು, ಅಲ್ಲಿಂದ ಪಂಪಿಗೆ ಆಯಿಲ್ ಎಳೆಯುವ ಸಕ್ಷನ್ ಲೈನು, ಪಂಪು, ಒತ್ತಡ ಮಿತಿ ಮೀರದಂತೆ ಕಾಯುವ ಮೇನ್ ರಿಲೀಫ್ ವಾಲ್ವ್ ಇಷ್ಟರೊಳಗೆ.

ಪರಿಚಯದ ಮೇಸ್ತ್ರಿ ಪ್ರೆಷರ್ ಗೇಜ್ ತಂದರು. ಈ ಸೈಜಿನ ಗಾಡಿಗಳಲ್ಲಿ ಸಾಮಾನ್ಯವಾಗಿ 200ರಿಂದ 250 ಬಾರ್ ಒತ್ತಡ ಬರಬೇಕು. ಗಾಡಿ ಕಾದಾಗಲೇ ಹಾಕಿ ನೋಡಿದೆವು, ತಣ್ಣಗಿರುವಾಗ ನೋಡಿ ಏನು ಪ್ರಯೋಜನ, ಆಗ ಅದು ಸರಿಯಾಗೇ ಇರುತ್ತಿತ್ತಲ್ವಾ. ಮುಳ್ಳು ತಡವಾಗಿ ಏರಿತು, ಆದರೆ ಬರಬೇಕಾದಷ್ಟು ಬಂತು. ಮೇಸ್ತ್ರಿ ನನ್ನ ಮುಖ ನೋಡಿದರು. ಒತ್ತಡ ಇದೆ, ಆಯಿಲ್ ಸಾಲುತ್ತಿಲ್ಲ. ಪಂಪ್ ಸವೆದಿದ್ದರೆ ಕಾದಾಗ ಮುಳ್ಳು ಅಷ್ಟು ಮೇಲೆ ಹೋಗುವುದು ಕಷ್ಟ.

ಟ್ಯಾಂಕಿನ ಆಯಿಲಲ್ಲಿ ನೊರೆ ಇರಲಿಲ್ಲ. ಹಾಗಾಗಿ ಗಾಳಿ ಎಳೆಯುತ್ತಿದೆ ಅನ್ನುವುದನ್ನು ಬಿಟ್ಟೆವು. ಆಯಿಲ್ ಸೋಸುವ ಸ್ಟ್ರೈನರ್ ಬಿಚ್ಚಿದರೆ ಅದೂ ಪರವಾಗಿಲ್ಲ. ಉಳಿದಿದ್ದು ಟ್ಯಾಂಕಿಂದ ಪಂಪಿಗೆ ಹೋಗುವ ದಪ್ಪ ಪೈಪು. ಹೊರಗೆ ಹೊಸದರ ಹಾಗೇ ಇತ್ತು, ಒಂದು ಸೀಳೂ ಇಲ್ಲ. ಕಾದ ಗಾಡಿಗೆ ರೇಸ್ ಕೊಡಿಸಿ ಟಾರ್ಚ್ ಬಿಟ್ಟು ನೋಡಿದಾಗ ತಿರುವಿನ ಹತ್ತಿರ ಅದು ಚಪ್ಪಟೆಯಾಗುತ್ತಿತ್ತು! ನಾವು ಎಳನೀರು ಕುಡಿಯುವಾಗ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೇ. ಸಕ್ಷನ್ ಪೈಪಿಗೆ ಒಳಗೆ ತಂತಿಯ ಸುರುಳಿ ಇರಬೇಕು. ಹಿಂದೆ ಯಾರೋ ತಂತಿ ಇಲ್ಲದ ಮಾಮೂಲಿ ರಬ್ಬರ್ ಪೈಪ್ ಹಾಕಿ ಕೈತೊಳೆದುಕೊಂಡಿದ್ದರು. ತಣ್ಣಗಿದ್ದಾಗ ಗಟ್ಟಿ ನಿಲ್ಲುತ್ತಿತ್ತು, ಕಾದರೆ ಮೆತ್ತಗಾಗಿ ಒಳಕ್ಕೆ ಕುಸಿಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಸವೆತಕ್ಕಿಂತ ಇಂಥ ರಿಪೇರಿಗಳದ್ದೇ ನನಗೆ ಜಾಸ್ತಿ ಭಯ. ಗಾಡಿ ಓಡಿದ ಗಂಟೆ ಎಣಿಸುವ ಅವರ್ ಮೀಟರನ್ನಂತೂ ನಾನು ನಂಬುವುದಿಲ್ಲ, ವೈರ್ ಕಿತ್ತರೆ ಅದು ನಿಂತುಬಿಡುತ್ತದೆ. ಹಿಂದಿನ ತೋಳು ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್‌ಪೋಸ್ಟ್ ಪಿನ್ ಎಷ್ಟು ಅಲ್ಲಾಡುತ್ತದೆ ಅಂತ ನೋಡಿದರೆ ಗಾಡಿಯ ವಯಸ್ಸು ಗೊತ್ತಾಗುತ್ತದೆ.

ಬಕೆಟ್ ನೆಲಕ್ಕೆ ಊರಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಒತ್ತಡ ಬಿಟ್ಟ ಮೇಲೇ ಪೈಪ್ ಬಿಚ್ಚಿದೆವು. ಪ್ರೆಷರ್ ಲೈನಲ್ಲಿ ಲೀಕ್ ಹುಡುಕೋಕೆ ಬೆರಳಿಡುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಸೂಜಿಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಕ್ಕೇ ನುಗ್ಗುತ್ತದೆ. ರಟ್ಟಿನ ತುಂಡು ಹಿಡಿದರೆ ಸಾಕು.

ತಂತಿ ಇರುವ ಪೈಪ್ ಹಾಕಿ, ಪಂಪ್ ಒಣಗಿ ತಿರುಗದಿರಲಿ ಅಂತ ಮೊದಲು ಆಯಿಲ್ ತುಂಬಿಸಿ ಸ್ಟಾರ್ಟ್ ಮಾಡಿದೆವು. ಮಧ್ಯಾಹ್ನದ ಬಿಸಿಲಲ್ಲೂ ಸದ್ದಿಲ್ಲ, ಬೂಮ್ ಸರಾಗ. ಅಗೆಯುವಾಗ ಗಾಡಿ ಅಲ್ಲಾಡದಂತೆ ನೆಲಕ್ಕೆ ಊರುವ ಕಾಲಿದೆಯಲ್ಲ, ಆ ಎಡಗಡೆ ಜಾಕ್ ಮಾತ್ರ ಇನ್ನೂ ತಾನಾಗೇ ಮೆಲ್ಲಗೆ ಇಳಿಯುತ್ತದೆ. ಆಯಿಲ್ ವಾಪಸ್ ಹರಿಯದಂತೆ ತಡೆಯುವ ಚೆಕ್ ವಾಲ್ವಲ್ಲಿ ಕಸ ಕೂತಿರಬಹುದು, ಇಲ್ಲಾಂದ್ರೆ ಸೀಲ್ ಕಿಟ್. ಹೊಂಡದ ಕೆಲಸ ಮುಗಿಯಲಿ, ಆಮೇಲೆ ಬಿಚ್ಚುತ್ತೇವೆ.